ರಕ್ಷಕ ಕಣಗಳ ಚಲನೆ ಮತ್ತು ಸಂಕೇತಾಣುಗಳು

ಕಾಲಿಗೆ ಮುಳ್ಳು ಚುಚ್ಚಿದ ಕೆಲವು ಗಂಟೆಗಳಲ್ಲಿ ಬಿಳಿಯ ರಕ್ತಕಣಗಳು ಅಲ್ಲಿ ನೆರೆಯುತ್ತವೆ. ಅವುಗಳಿಗೆ ದಾರಿ ತೋರುವವು ಗಾಯಗೊಂಡ ಅಂಗಾಂಶವು ಸ್ರವಿಸುವ ಕೀಮೋಕೈನ್‌ಗಳೆಂಬ ಸಣ್ಣ ಪ್ರೋಟೀನುಗಳು. ರಕ್ತದೊಡನೆ ಸಾಗುವ ಕಣವು ನಾಳದ ಒಳಗೋಡೆಗೆ ತಾಗಿ ಉರುಳುತ್ತದೆ. ಈ ಸಂಕೇತ ದೊರೆತೊಡನೆ ಗಟ್ಟಿಯಾಗಿ ಅಂಟಿಕೊಂಡು, ಗೋಡೆಯ ಕೋಶಗಳ ನಡುವೆ ನುಸುಳಿ ಹೊರಬರುತ್ತದೆ. ಅನಂತರ ಸಂಕೇತದ ಸಾಂದ್ರತೆ ಹೆಚ್ಚಿರುವ ದಿಕ್ಕಿಗೆ ತನ್ನ ಮುಂಭಾಗವನ್ನು ಚಾಚುತ್ತ ತೆವಳುತ್ತದೆ.

ಎಲ್ಲ ಕಣಗಳೂ ಎಲ್ಲ ಕರೆಗಳಿಗೆ ಓಗೊಡುವುದಿಲ್ಲ. ಕಣದ ಹೊರಮೈಯಲ್ಲಿ ಸಂಕೇತಕ್ಕೆ ತಕ್ಕ ಗ್ರಾಹಕವಿರಬೇಕು. 1987ರಲ್ಲಿ ಗುರುತಿಸಲಾದ ಇಂಟರ್‌ಲ್ಯೂಕಿನ್-8 ಮುಖ್ಯವಾಗಿ ನ್ಯೂಟ್ರೋಫಿಲ್‌ಗಳನ್ನು ಸೆಳೆಯುತ್ತದೆ. ಸಿಸಿಆರ್7 ಗ್ರಾಹಕವುಳ್ಳ ಟಿ-ಕಣಗಳು ದುಗ್ಧಗ್ರಂಥಿಗಳತ್ತ ಸಾಗುತ್ತವೆ.

ಈ ತತ್ತ್ವದ ಮಹತ್ವ ಚಿಕಿತ್ಸೆಯಲ್ಲಿಯೂ ಕಾಣುತ್ತದೆ. ನವಿ ಮುಂಬಯಿಯ ಖಾರ್‌ಘರ್‌ನಲ್ಲಿ ಆಕ್ಟ್ರೆಕ್ ಎಂಬ ಸಂಶೋಧನಾಲಯವನ್ನು ಹೊಂದಿರುವ ಟಾಟಾ ಸ್ಮಾರಕ ಕೇಂದ್ರವು ಮುಂಬಯಿಯ ಐಐಟಿಯೊಡನೆ ಸೇರಿ, ನೆಕ್ಸ್‌ಕಾರ್19 ಎಂಬ ಚಿಕಿತ್ಸೆಯನ್ನು ರೂಪಿಸಿತು. ಭಾರತದಲ್ಲಿಯೇ ಸಿದ್ಧವಾದ ಇಂತಹ ಮೊದಲ ಚಿಕಿತ್ಸೆಯಾದ ಇದಕ್ಕೆ 2023ರ ಅಕ್ಟೋಬರಿನಲ್ಲಿ ಅನುಮತಿ ದೊರೆಯಿತು. ರೋಗಿಯದೇ ಟಿ-ಕಣಗಳನ್ನು ಹೊರತೆಗೆದು, ಸಿಡಿ19 ಎಂಬ ಗುರುತನ್ನು ಹೊತ್ತ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವಂತೆ ಮಾರ್ಪಡಿಸಿ, ಮತ್ತೆ ಶರೀರಕ್ಕೆ ಸೇರಿಸುವುದು ಇದರ ವಿಧಾನ. ಬಿ-ಕಣಗಳ ಈ ಕ್ಯಾನ್ಸರ್ ಹೆಚ್ಚಾಗಿ ನೆಲೆಸುವುದು ರಕ್ತ, ಮಜ್ಜೆ, ದುಗ್ಧಗ್ರಂಥಿಗಳಲ್ಲಿ. ಅವು ಟಿ-ಕಣಗಳು ಸಹಜವಾಗಿ ಸಂಚರಿಸುವ ತಾಣಗಳೇ.

ಗಟ್ಟಿಗಡ್ಡೆಗಳ ಸಂಗತಿ ಬೇರೆ. ಗಡ್ಡೆಯು ಹೊರಸೂಸುವ ಕೀಮೋಕೈನಿಗೆ ತಕ್ಕ ಗ್ರಾಹಕವಿಲ್ಲದಿದ್ದರೆ ಎಷ್ಟೇ ಸಮರ್ಥ ಟಿ-ಕಣವೂ ಅದರೊಳಕ್ಕೆ ಸುಲಭವಾಗಿ ಪ್ರವೇಶಿಸಲಾರದು. ಅದಕ್ಕಾಗಿಯೇ ಅಂತಹ ಗ್ರಾಹಕವನ್ನೂ ಟಿ-ಕಣಕ್ಕೆ ಕೂಡಿಸುವ ಪ್ರಯೋಗಗಳು ಹಲವು ದೇಶಗಳಲ್ಲಿ ನಡೆದಿವೆ. ಕೊಲ್ಲುವ ಶಕ್ತಿಯೊಂದೇ ಸಾಲದು, ತಲುಪುವ ದಾರಿಯೂ ತಿಳಿದಿರಬೇಕು.