ಟೆನ್ಷನ್ ನುಂಗಬೇಡಿ, ಹೇಳಿಕೊಳ್ಳಿ

ಬೆಳಿಗ್ಗೆ ಏಳುವಾಗಲೇ ಕತ್ತು ಬಿಗಿದಿರುತ್ತದಾ? ಡಬ್ಬಿ ಕಟ್ಟಿ, ಮಕ್ಕಳನ್ನು ವ್ಯಾನ್ ಹತ್ತಿಸಿ ಕೂತರೆ ಎದೆಯುರಿ, ತಲೆನೋವು ಶುರುವಾಗುತ್ತಾ? 'ಅಯ್ಯೋ, ಪಿತ್ತ ಆಗಿರಬೇಕು' ಅಂತ ಮಾತ್ರೆ ನುಂಗಿ ಮತ್ತೆ ಕೆಲಸಕ್ಕೆ ನಿಲ್ಲುತ್ತೀರಾ? ನಾನೂ ಹಾಗೇ ಮಾಡುತ್ತಿದ್ದೆ.

ಕಳೆದ ವರ್ಷ ನವಲಗುಂದ ತಾಲ್ಲೂಕಿನ ಮೊರಬಕ್ಕೆ, ತವರಿಗೆ ಹೋದಾಗ ಅವ್ವ ನನ್ನ ಮುಖ ನೋಡಿದವಳೇ, "ಯಾಕವಾ, ರಾತ್ರಿ ನಿದ್ದಿ ಬರೂದಿಲ್ಲೇನು?" ಅಂದಳು. ಅಷ್ಟಕ್ಕೇ ಅತ್ತುಬಿಟ್ಟೆ. ಅವ್ವನಿಗೇನು ಟೆನ್ಷನ್ ಇಲ್ಲವೇ? ಎರೆ ಹೊಲದಲ್ಲಿ ಮಳೆ ತಪ್ಪಿದರೆ ಹೆಸರು ಹೋಯಿತು, ಹೆಚ್ಚಾದರೆ ಉಳ್ಳಾಗಡ್ಡಿ ಕೊಳೆಯಿತು. ಅವಳೂ ಬಿ.ಪಿ. ಮಾತ್ರೆ ತಗೋತಾಳೆ. ಆದರೆ ಸಂಜೆ ಕಟ್ಟೆಗೆ ಕೂತು ಓರಗಿತ್ತಿಯ ಮುಂದೆ ಎಲ್ಲ ಹೇಳಿಕೊಳ್ಳುತ್ತಾಳೆ. ನಮ್ಮ ಫ್ಲಾಟಿನ ಬಾಗಿಲು ಮಾತ್ರ ಮುಚ್ಚಿಯೇ ಇರುತ್ತದೆ.

ಚಿಂತೆ ಮನಸ್ಸಿನದು, ದೇಹಕ್ಕೇನು ಸಂಬಂಧ ಅಂತೀರಾ? ಗಾಬರಿಯಾದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಹಾರ್ಮೋನು ಬಿಡುತ್ತವೆ. ಎದೆಬಡಿತ, ರಕ್ತದೊತ್ತಡ, ಸಕ್ಕರೆ ಏರುತ್ತವೆ. ನಾಯಿ ಬೆನ್ನಟ್ಟಿದಾಗ ಓಡಲು ಇದು ಬೇಕು. ಆದರೆ ಸಾಲದ ಕಂತು, ಮಕ್ಕಳ ಪರೀಕ್ಷೆ, ಮನೆಯವರ ಮಾತು ದಿನವೂ ಬೆನ್ನಟ್ಟಿದರೆ? ದೇಹಕ್ಕೆ ವಿಶ್ರಾಂತಿಯೇ ಸಿಗುವುದಿಲ್ಲ. ನಿದ್ದೆ ಕೆಡುತ್ತದೆ, ಮುಟ್ಟು ಏರುಪೇರಾಗಬಹುದು, ಬಿ.ಪಿ., ಶುಗರ್ ಹಿಡಿತಕ್ಕೆ ಬರುವುದಿಲ್ಲ. ಬಗೆಬಗೆಯ ಕಷ್ಟ ಕೊಟ್ಟ ಇಲಿಗಳಲ್ಲಿ ಈ ಗ್ರಂಥಿ ದೊಡ್ಡದಾಗಿ, ಹೊಟ್ಟೆಯಲ್ಲಿ ಹುಣ್ಣಾದದ್ದನ್ನು ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲೇ ಬರೆದಿದ್ದರು.

ಹಾಗಾದರೆ ಏನು ಮಾಡೋಣ?

* ದಿನಕ್ಕೆ ಅರ್ಧ ಗಂಟೆ ನಡೆಯಿರಿ. ಮನೆಗೆಲಸವನ್ನು ಇದರಲ್ಲಿ ಸೇರಿಸಬೇಡಿ!
* ಸಿಟ್ಟು ಬಂದಾಗ ಐದು ನಿಮಿಷ ನಿಧಾನವಾಗಿ, ಉದ್ದಕ್ಕೆ ಉಸಿರು ಬಿಡಿ.
* ಸಂಜೆಯ ನಂತರ ಚಹಾ ಬೇಡ. ಮಲಗುವ ಮುಂಚೆ ಮೊಬೈಲ್ ದೂರವಿಡಿ.
* ಎಲ್ಲವನ್ನೂ ಟೆನ್ಷನ್ ಮೇಲೆ ಹಾಕಬೇಡಿ. ಬಿ.ಪಿ., ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷಿಸಿಕೊಳ್ಳಿ. ಎದೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.
* ಎರಡು ವಾರ ಕಳೆದರೂ ನಿದ್ದೆಯಿಲ್ಲ, ಯಾವುದರಲ್ಲೂ ಆಸಕ್ತಿಯಿಲ್ಲ, ಬದುಕೇ ಬೇಡ ಅನಿಸಿದರಂತೂ ಅಂದೇ, ವೈದ್ಯರಿಗೆ ಹೇಳಿ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಮೊರಬದಿಂದ ಬಂದ ಮೇಲೆ ಒಂದು ಮಧ್ಯಾಹ್ನ ಧೈರ್ಯ ಮಾಡಿ ಎದುರಿನ ಫ್ಲಾಟಿನ ಬೆಲ್ ಒತ್ತಿದೆ. ಆಕೆಯೂ ಅದೇ ಪಿತ್ತದ ಮಾತ್ರೆ ನುಂಗುತ್ತಿದ್ದಳಂತೆ! ಈಗ ನಾವಿಬ್ಬರೂ ದಿನಾ ಸಂಜೆ ವಾಕಿಂಗ್ ಹೋಗುತ್ತೇವೆ.

ನೀವೂ ಇವತ್ತು ಒಂದು ಬಾಗಿಲು ತಟ್ಟಿ ನೋಡಿ.