ಕೃತಕ ಹಸ್ತದ ಕೆಲಸವನ್ನು ಅಳೆಯುವ ಕ್ರಮ

ಒಕ್ಕಣೆಯ ಯಂತ್ರಕ್ಕೆ ತೆನೆ ಉಣಿಸುವಾಗಲೂ, ಗಾಣಕ್ಕೆ ಕಬ್ಬು ಕೊಡುವಾಗಲೂ, ಮೇವು ಕತ್ತರಿಸುವ ಯಂತ್ರದ ಮುಂದೆಯೂ ಕೈ ಕಳೆದುಕೊಂಡ ಆಳುಗಳುಂಟು. ಇಂತಹವರಿಗೆ ಕೃತಕ ಹಸ್ತವನ್ನು ಕೊಡಿಸಿದೊಡನೆ ತಮ್ಮ ಕರ್ತವ್ಯವು ತೀರಿತೆಂದು ಊರಿನ ಮುಖಂಡರೂ ಜಮೀನುದಾರರೂ ಭಾವಿಸುವುದುಂಟು. ಹಸ್ತವನ್ನು ತೊಡಿಸುವುದು ಬೇರೆ, ಅದು ಕೆಲಸಕ್ಕೆ ಒದಗುವುದು ಬೇರೆ. ಒದಗದ ಹಸ್ತವು ಅಟ್ಟವನ್ನು ಸೇರುವುದು. ಆದಕಾರಣ ತೊಡಿಸಿದ ಬಳಿಕ ಅದರ ಉಪಯೋಗವನ್ನು ಅಳೆದು ನೋಡುವುದು ಅವಶ್ಯಕ.

ಪರೀಕ್ಷೆಗಳಲ್ಲಿ ಬಹು ಸುಲಭವಾದುದು ಮರದ ತುಂಡುಗಳದು. ನಡುವೆ ಅಡ್ಡಹಲಗೆಯುಳ್ಳ ಪೆಟ್ಟಿಗೆಯ ಒಂದು ಪಾಲಿನಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್ ಅಳತೆಯ 150 ತುಂಡುಗಳಿರುವುವು. 60 ಸೆಕೆಂಡುಗಳೊಳಗೆ ಎಷ್ಟನ್ನು ಒಂದೊಂದಾಗಿ ಆಚೆಗೆ ದಾಟಿಸಿದನೆಂಬುದೇ ಫಲ. ಇದರಿಂದ ವೇಗವು ತಿಳಿಯುವುದೇ ಹೊರತು ಹಿಡಿತದ ಬಗೆ ತಿಳಿಯದು.

ಹಿಡಿತವನ್ನೂ ತೋರಿಸುವ ಕ್ರಮವೊಂದು ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯದಲ್ಲಿ ರಚಿತವಾಗಿ 2002ರಲ್ಲಿ ಪ್ರಕಟವಾಯಿತು. ಇದರಲ್ಲಿ 26 ಕೆಲಸಗಳು. ಮೊದಲು ಆರು ಹಗುರವಾದ ಮತ್ತು ಆರು ಭಾರವಾದ ವಸ್ತುಗಳನ್ನು ಎತ್ತಿಡಬೇಕು. ಆಮೇಲೆ ನಾಣ್ಯ ಹೆಕ್ಕುವುದು, ಅಂಗಿಯ ಗುಂಡಿ ಬಿಚ್ಚುವುದು, ಬೀಗದ ಕೈ ತಿರುಗಿಸುವುದು, ಹೂಜಿಯಿಂದ ನೀರು ಸುರಿಯುವುದು ಮೊದಲಾದ 14 ನಿತ್ಯಕೃತ್ಯಗಳು. ಗಡಿಯಾರವನ್ನು ಓಡಿಸುವವನೂ ನಿಲ್ಲಿಸುವವನೂ ಹಸ್ತ ತೊಟ್ಟವನೇ. ಪರೀಕ್ಷಕನ ಕೈತಡದಿಂದ ಲೆಕ್ಕ ಕೆಡಬಾರದಷ್ಟೆ. ಬೆರಳತುದಿಯ ಹಿಡಿತ, ಮುಷ್ಟಿಯ ಹಿಡಿತ ಮುಂತಾಗಿ ಆರು ಬಗೆಯ ಹಿಡಿತಗಳಿಗೆ ಬೇರೆ ಬೇರೆ ಅಂಕಗಳು ದೊರೆಯುವುವು. ಊನವಿಲ್ಲದ ಕೈಗೆ ಒಟ್ಟು ಅಂಕ 95ರಿಂದ 100.

ಆದರೆ ಗಡಿಯಾರವು ಎಲ್ಲವನ್ನೂ ಹೇಳಲಾರದು. ಮಣಿಕಟ್ಟು ತಿರುಗದ ಹಸ್ತವುಳ್ಳವನು ಭುಜವನ್ನೆತ್ತಿ, ಮೈಯನ್ನು ವಾಲಿಸಿ ಕೆಲಸವನ್ನು ಮುಗಿಸಿಬಿಡುವನು. ಅಂಕ ಚೆನ್ನಾಗಿ ಬಂದರೂ ದಿನವೆಲ್ಲ ಹೀಗೆ ದುಡಿದರೆ ಹೆಗಲೂ ಬೆನ್ನೂ ನೋಯತೊಡಗುವುವು. ಸಾಮಾನ್ಯವಾಗಿ ಕೃತಕ ಬೆರಳುಗಳಿಗೆ ಸ್ಪರ್ಶಜ್ಞಾನವಿಲ್ಲದ್ದರಿಂದ ಕಣ್ಣು ಸದಾ ಕೈಯ ಮೇಲೆಯೇ ಇರಬೇಕಾಗುವುದು. ಇವನ್ನು ಪರೀಕ್ಷಕನು ನೋಡಿಯೇ ಗುರುತಿಸತಕ್ಕದ್ದು. ಮನೆಯಲ್ಲಿ ಎಷ್ಟು ಹೊತ್ತು ತೊಡುವನೆಂಬುದನ್ನು ತೊಟ್ಟವನನ್ನೇ ಕೇಳತಕ್ಕದ್ದು.

ಮೇಲ್ಕಂಡ ಪರೀಕ್ಷೆಗಳಲ್ಲಿ ಕುಡುಗೋಲಾಗಲಿ ಗುದ್ದಲಿಯಾಗಲಿ ಇಲ್ಲ. ರೈತನ ವಿಷಯದಲ್ಲಿ ಇದು ದೊಡ್ಡ ಲೋಪವೇ ಸರಿ. ಆದುದರಿಂದ ಆಳನ್ನು ಕೃತಕಾಂಗ ಕೇಂದ್ರಕ್ಕೆ ಕಳುಹಿಸುವವರು ಅವನು ನಿತ್ಯವೂ ಹಿಡಿಯುವ ಗುದ್ದಲಿಯನ್ನೂ ದನದ ಹಗ್ಗವನ್ನೂ ಜೊತೆಯಲ್ಲಿಯೇ ಕಳುಹಿಸಿ, ಅವುಗಳಿಂದಲೂ ಕೆಲಸ ಮಾಡಿಸಿ ನೋಡುವಂತೆ ಕೇಳುವುದು ಲೇಸು. ವಿದ್ಯುತ್ತಿನಿಂದ ನಡೆಯುವ ಹಸ್ತವು ನಾಣ್ಯವನ್ನು ನಾಜೂಕಾಗಿ ಹೆಕ್ಕಿದರೂ ಕೆಸರು ನೀರುಗಳಿಗೆ ಅಂಜತಕ್ಕದ್ದು. ಹೆಗಲಪಟ್ಟಿಯ ಎಳೆತದಿಂದ ತೆರೆಯುವ ಲೋಹದ ಕೊಕ್ಕೆಯು ನೋಟಕ್ಕೆ ಒರಟಾದರೂ ಗದ್ದೆಯಲ್ಲಿ ಹೆಚ್ಚು ಬಾಳಬಹುದು. ಯಾವುದು ತಕ್ಕುದೆಂಬುದು ಗುದ್ದಲಿ ಹಿಡಿಸಿದಾಗಲೇ ಗೊತ್ತಾಗುವುದು. ಫಲವು ಕಡಿಮೆಯಾಗಿದ್ದಲ್ಲಿ ಅಭ್ಯಾಸವನ್ನು ಕೊಡಿಸಿ, ಕೆಲವು ವಾರಗಳ ತರುವಾಯ ಅವೇ ಕೆಲಸಗಳನ್ನು ಪುನಃ ಮಾಡಿಸಿ ಹೋಲಿಸತಕ್ಕದ್ದು.