ಈ ‘ಸಿಐಡಿ’ ಪೊಲೀಸರಲ್ಲ, ಹೆದರಬೇಡಿ

ಸಿಐಡಿ ಅಂದ ಕೂಡಲೇ ನಮ್ಮ ನ್ಯೂಸ್‌ರೂಮ್‌ನಲ್ಲಿ ಎಲ್ಲರ ಕಿವಿ ನೆಟ್ಟಗಾಗುತ್ತೆ. ಆದರೆ ಕಂಪ್ಯೂಟರ್ ರಿಪೇರಿಯವರ ಭಾಷೆಯಲ್ಲಿ ಸಿಐಡಿ ಅಂದ್ರೆ ‘ಕಸ್ಟಮರ್ ಇಂಡ್ಯೂಸ್ಡ್ ಡ್ಯಾಮೇಜ್’. ಒಡೆದದ್ದು ಗಿರಾಕಿಯೇ, ವಾರಂಟಿ ಇಲ್ಲ, ದುಡ್ಡು ಕಟ್ಟಿ. ಮೂರಕ್ಷರದಲ್ಲಿ ತೀರ್ಪು ಮುಗೀತು!

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯನ್ನೇ ತಗೊಳ್ಳಿ. ಮೆಕ್ಕೆಜೋಳ ಮಾರಿದ ದುಡ್ಡಲ್ಲಿ ಒಬ್ಬ ರೈತ ಮಗಳಿಗೆ 50,000 ರೂಪಾಯಿಯ ಲ್ಯಾಪ್‌ಟಾಪ್ ಕೊಡಿಸಿದ್ದಾನೆ ಅಂತಿಟ್ಟುಕೊಳ್ಳಿ. ಕೀಬೋರ್ಡ್ ಕೈಕೊಟ್ಟಿತು. ಡಬ್ಬ ಕೊರಿಯರ್‌ನಲ್ಲಿ ಶಿವಮೊಗ್ಗ ದಾಟಿ ಬೆಂಗಳೂರಿಗೆ ಹೋಯಿತು. ಅಲ್ಲಿಂದ ಫೋನ್: ‘ಸ್ಕ್ರೀನ್ ಒಡೆದಿದೆ ಮೇಡಂ, ಸಿಐಡಿ.’ ಕೊರಿಯರಿನವರನ್ನ ಕೇಳಿದರೆ, ‘ನಿಮ್ಮ ಪ್ಯಾಕಿಂಗ್ ಸರಿಯಿರಲಿಲ್ಲ.’ ಇಬ್ಬರೂ ಕೈ ತೊಳಕೊಂಡರು. ಮಗಳ ಪರೀಕ್ಷೆ ಮಾತ್ರ ಹತ್ತಿರ ಬಂತು.

ಇಂಜಿನಿಯರಿಂಗ್ ಓದಿದವನಾಗಿ ಮೊದಲು ಯಂತ್ರದ ಮಾತು ಹೇಳ್ತೀನಿ. ಪೆಟ್ಟು ಗುರುತು ಬಿಟ್ಟೇ ಹೋಗುತ್ತೆ. ಡಬ್ಬ ಮೂಲೆ ಮೇಲೆ ಬಿದ್ದರೆ ಲ್ಯಾಪ್‌ಟಾಪಿನ ಮೂಲೆ ನಜ್ಜಾಗಿ, ಬಿರುಕು ಅಲ್ಲಿಂದ ಶುರುವಾಗಬಹುದು. ಮೇಲೆ ಭಾರ ಹೇರಿದ್ದರೆ ಒಂದೇ ಬಿಂದುವಿನಿಂದ ಜೇಡರಬಲೆಯಂಥ ಬಿರುಕು ಕಾಣಬಹುದು. ಡೆಸ್ಕ್‌ಟಾಪ್ ಆದರೆ ಒಳಗಿನ ಭಾರದ ಕೂಲರ್ ಕಿತ್ತು ಬರೋದೂ ಉಂಟು. ಆದರೆ ಒಂದು ಮಾತು ನೆನಪಿಡಿ: ಬಿರುಕು ಹೇಗಾಯಿತು ಅಂತ ಹೇಳುತ್ತೆ, ಯಾವತ್ತು ಆಯಿತು ಅಂತ ಹೇಳಲ್ಲ. ಜಗಳ ಇರೋದೇ ‘ಯಾವತ್ತು’ ಅನ್ನೋದರಲ್ಲಿ. ಆಗ ಡಬ್ಬ ಯಾರ ಕೈಯಲ್ಲಿತ್ತು?

ಬಂದಳಿಕೆಯವರಿಗೆ ಇದು ಹೊಸ ವಿಷಯವಲ್ಲ. ಗಂಡ ತೀರಿಕೊಂಡ ಮೇಲೆ ನಾಗರಖಂಡ 70ರ ಆಡಳಿತ ಜಕ್ಕಿಯಬ್ಬೆಯ ಕೈಗೆ ಬಂದದ್ದನ್ನ ರಾಷ್ಟ್ರಕೂಟರ ಕಾಲದಲ್ಲೇ ಅಲ್ಲಿ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಹೊಣೆ ಕೈ ಬದಲಾದಾಗ ಬರೆದಿಡಬೇಕು. ನಮ್ಮ ಕಾಲದ ಶಾಸನ ಅಂದ್ರೆ ಮೊಬೈಲ್ ವಿಡಿಯೋ.

ಈಗ ಕಾನೂನು. 1872ರ ಕರಾರು ಕಾಯಿದೆಯ 151ನೇ ಸೆಕ್ಷನ್ ಪ್ರಕಾರ, ನಿಮ್ಮ ವಸ್ತುವನ್ನ ಒಪ್ಪಿಸಿಕೊಂಡವನು ತನ್ನದೇ ವಸ್ತುವನ್ನ ಸಾಧಾರಣ ವಿವೇಕಿಯೊಬ್ಬ ನೋಡಿಕೊಳ್ಳುವಷ್ಟು ಜೋಪಾನವಾಗಿ ನೋಡಿಕೊಳ್ಳಬೇಕು. ಇದು ಸರ್ವಿಸ್ ಸೆಂಟರಿಗೂ ಅನ್ವಯ. ಇನ್ನು 2007ರ ರಸ್ತೆ ಸಾಗಣೆ ಕಾಯಿದೆಯ 12ನೇ ಸೆಕ್ಷನ್: ಸಾಗಣೆದಾರರ ಮೇಲೆ ದಾವೆ ಹೂಡಿದಾಗ ಅವರ ನಿರ್ಲಕ್ಷ್ಯವನ್ನ ನೀವು ಸಾಬೀತು ಮಾಡಬೇಕಿಲ್ಲ. ಆದರೆ ವಸ್ತು ಒಪ್ಪಿಸುವಾಗ ಸರಿಯಿತ್ತು, ತಲುಪುವಾಗ ಒಡೆದಿತ್ತು ಅಂತ ತೋರಿಸೋ ಕೆಲಸ ನಿಮ್ಮದೇ. 16ನೇ ಸೆಕ್ಷನ್ ಇನ್ನೊಂದು ಷರತ್ತು ಹಾಕುತ್ತೆ: ಬುಕ್ ಮಾಡಿದ 180 ದಿನದೊಳಗೆ ಲಿಖಿತ ನೋಟಿಸ್ ಕೊಡಲೇಬೇಕು. ಫೋನಲ್ಲಿ ಬೈದರೆ ಅದು ನೋಟಿಸ್ ಅಲ್ಲ!

ರಸೀದಿಯ ಹಿಂದಿನ ಸಣ್ಣ ಅಕ್ಷರಗಳನ್ನೂ ಓದಿ. ಭಾರತಿ ನಿಟ್ಟಿಂಗ್ ಕಂಪನಿ ಮತ್ತು ಡಿಎಚ್‌ಎಲ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ, ಸಹಿ ಮಾಡಿದ ರಸೀದಿಯಲ್ಲಿದ್ದ 100 ಡಾಲರ್ ಮಿತಿಯನ್ನೇ ಎತ್ತಿಹಿಡಿಯಿತು. ಅದಕ್ಕೇ ಬುಕಿಂಗ್ ವೇಳೆ ಪೂರ್ತಿ ಬೆಲೆ ಬರೆಸಿ. ಸಾಗಣೆ ವಿಮೆಗೆ ಕೊಡುವ ದುಡ್ಡು ದಂಡವಲ್ಲ.

ಹಾಗಾದ್ರೆ ಮಾಡೋದೇನು? ಪ್ಯಾಕ್ ಮಾಡುವ ಮುಂಚೆ ಯಂತ್ರ ಆನ್ ಮಾಡಿ, ಸ್ಕ್ರೀನ್, ನಾಲ್ಕೂ ಮೂಲೆ, ಸೀರಿಯಲ್ ನಂಬರ್ ಎಲ್ಲ ಕಾಣುವಂತೆ ವಿಡಿಯೋ ಮಾಡಿ. ಡೇಟಾ ಬೇರೆ ಕಡೆ ಉಳಿಸಿಕೊಳ್ಳಿ, ಅದನ್ನ ಯಾವ ಪರಿಹಾರವೂ ವಾಪಸ್ ತರಲ್ಲ. ಆದಷ್ಟೂ ಕಂಪನಿಯೇ ಕಳಿಸುವ ಪಿಕಪ್ ಕೇಳಿ. ಅವರು ನೇಮಿಸಿದ ಕೊರಿಯರ್ ತಪ್ಪು ಮಾಡಿದರೆ ‘ಅವರು ಬೇರೆ, ನಾವು ಬೇರೆ’ ಅನ್ನೋದು ಕಷ್ಟ. ಸಿಐಡಿ ಅಂದ ತಕ್ಷಣ ಮೂರು ಪ್ರಶ್ನೆ ಇಮೇಲ್ ಮಾಡಿ: ಡಬ್ಬ ತಲುಪಿದಾಗಿನ ಫೋಟೋ ಎಲ್ಲಿ? ತೆರೆದಾಗಿನ ಫೋಟೋ ಎಲ್ಲಿ? ಡಬ್ಬ ಜಖಂ ಆಗಿದ್ದರೆ ತಕರಾರು ಬರೆಯದೆ ಸಹಿ ಹಾಕಿದವರು ಯಾರು?

ಉತ್ತರ ಬರದಿದ್ದರೆ 1915 ಸಹಾಯವಾಣಿಗೆ ಕರೆ ಮಾಡಿ. ಅಲ್ಲೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಇದೆ. ಬೆಂಗಳೂರಿಗೆ ಅಲೆಯಬೇಕಿಲ್ಲ, ನೀವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಶಿವಮೊಗ್ಗದ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಅವಧಿ 2 ವರ್ಷ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರೂ ಕಡ್ಡಾಯವಲ್ಲ. ಕಂಪನಿ, ಸರ್ವಿಸ್ ಸೆಂಟರ್, ಕೊರಿಯರ್ ಮೂವರನ್ನೂ ಎದುರುದಾರರನ್ನಾಗಿ ಮಾಡಿ. ಒಬ್ಬರ ಮೇಲೊಬ್ಬರು ಹೇಳೋದನ್ನ ಅವರು ಆಯೋಗದ ಮುಂದೆಯೇ ಹೇಳಲಿ.